ಆಲೂಗೆಡ್ಡೆಗೆ ಚುಚ್ಚಿದ ಸೂಜಿ

ನಂಜನಾಡು
9 ಜೂನ್ 2025, ಸೋಮವಾರ

ಮಗಳೇ ಜೀವಿತಾ,

ನೀನೂ ಉಮೇಶನೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ದೇವಾಲದಲ್ಲಿ ಮಳೆ ಜೋರಂತೆ, ಎಸ್ಟೇಟಿನ ಮನೆ ಸೋರುತ್ತಿಲ್ಲ ತಾನೆ? "ಯಾಕವ್ವೆ, ಸರಿಯಾಗಿ ಮಾತೇ ಆಡೋದಿಲ್ಲ?" ಎಂದು ನೀನು ಕೇಳಿ ಬಹಳ ದಿನವಾಯಿತು. ತಡವಾಯಿತೆಂದು ಬೇಸರಪಡಬೇಡ. ಫೋನಿನಲ್ಲಿ ನನಗೆ ಮಾತು ಕೂಡಿಬರುವುದಿಲ್ಲ. ಇವತ್ತು ಸೋಮವಾರ, ನಮ್ಮ ಹಟ್ಟಿಯಲ್ಲಿ ಯಾರೂ ಹೊಲಕ್ಕೆ ಇಳಿಯುವುದಿಲ್ಲವಲ್ಲ, ಬರೆಯಲು ಕುಳಿತೆ.

ನಿನ್ನ ತಮ್ಮ ಹರೀಶ ಗಂಟಲು ಊದಿ ತೀರಿಹೋದಮೇಲೆ ನನ್ನ ರಕ್ತ ನೋಡಿ, ಈ ಊದುವ ಕಾಯಿಲೆ ನನಗೂ ಇದೆ ಎಂದರಲ್ಲ, ಅದಕ್ಕೆ ಔಷಧಿ ಬಂದಿದೆ. ಊತ ಶುರುವಾದ ಕೂಡಲೇ ಹೊಟ್ಟೆಯ ಚರ್ಮ ಹಿಡಿದು ನಾನೇ ಚುಚ್ಚಿಕೊಳ್ಳಬೇಕು. ಗಂಟಲಿಗೆ ಬಂದರೆ ಚುಚ್ಚಿಕೊಂಡು ಆಸ್ಪತ್ರೆಗೂ ಓಡಬೇಕು. "ಮನೇಲಿ ನಿಂಬೆಹಣ್ಣಿಗೆ ಚುಚ್ಚಿ ಕಲಿಯಿರಿ ಅಕ್ಕಾ" ಎಂದು ಊಟಿಯ ನರ್ಸ್ ಸಂಗೀತಾ ಖಾಲಿ ಸಿರಿಂಜು ಕೊಟ್ಟಳು. ನಿಂಬೆಹಣ್ಣು ಎಲ್ಲಿಂದ ತರಲಿ? ಆಲೂಗೆಡ್ಡೆಗೆ ಚುಚ್ಚುತ್ತಿದ್ದೆ. ಪಕ್ಕದ ಮನೆಯ ಚಿನ್ನಿ ಮಾಮಿ ಬಾಗಿಲಲ್ಲಿ ನಿಂತು, "ಏ ಕೆಂಪೀ, ಆ ಗೆಡ್ಡೆಗೇನು ಜ್ವರವಾ? ಸಾರಿಗೆ ಹಾಕಿ ನನಗೆ ಬಡಿಸೀಯೆ, ಜೋಕೆ!" ಎಂದಳು. ಎಷ್ಟೋ ತಿಂಗಳ ಮೇಲೆ ನಕ್ಕೆ.

ಚುಚ್ಚುವುದು ಕಷ್ಟವಲ್ಲ ಮಗಳೇ. ಯಾವಾಗ ಎಂಬುದೇ ತಿಳಿಯುವುದಿಲ್ಲ. ತಣ್ಣೀರಲ್ಲಿ ಕ್ಯಾರೆಟ್ ತೊಳೆದರೂ ಬೆರಳು ಊದುತ್ತದೆ. ಯಾವುದು ಚಳಿಯ ಊತ, ಯಾವುದು ಆ ಊತ? ಹರೀಶನ ತುಟಿ ಊದಿದಾಗ ಹಟ್ಟಿಗೆ ಹಟ್ಟಿಯೇ ಹುಳು ಕಚ್ಚಿದೆ ಎಂದು ಸುಣ್ಣ ಹಚ್ಚಲಿಲ್ಲವೆ?

ಗುರುವಾರ ಬೆಳಿಗ್ಗೆ ನನ್ನ ತುಟಿಯೂ ಹಾಗೇ ದಪ್ಪವಾಯಿತು. ಕೈಯಲ್ಲಿ ಸೂಜಿ ಹಿಡಿದು ಕನ್ನಡಿ ನೋಡುತ್ತಲೇ ಇದ್ದೆ. ಚಿನ್ನಿ ಮಾಮಿ ಒಳಗೆ ಬಂದಳು. "ಶೀತವಿರಬೇಕು ಮಾಮಿ" ಎಂದೆ.

"ಶೀತವಾದರೆ ಶೀತ ಸಾಯಲಿ, ನೀನು ಸಾಯಬೇಡ. ಚುಚ್ಚೇ!" ಎಂದು ಬೈದು, ಅವಳೇ ಹೆದರಿ ಗೋಡೆಗೆ ಮುಖ ಮಾಡಿ ನಿಂತಳು.

ಚುಚ್ಚಿಕೊಂಡೆ. ಹೊಟ್ಟೆ ಬೆಂಕಿ ತಾಗಿದಂತೆ ಉರಿಯಿತು. ಮಧ್ಯಾಹ್ನದ ಹೊತ್ತಿಗೆ ತುಟಿ ಇಳಿದಿತ್ತು. ಸಂತೋಷಪಡಬೇಕಿತ್ತೇನೋ. ನಾನು ಕನ್ನಡಿಯ ಮುಂದೆ ಕುಳಿತು ಅತ್ತೆ. ಇಷ್ಟೇನಾ, ಇಷ್ಟರಲ್ಲೇ ಇಳಿಯುತ್ತದಾ ಎಂದು ಯಾರನ್ನು ಕೇಳಲಿ? ಅವನ ಕಾಯಿಲೆಗೆ ಹೆಸರಿದೆ ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಜಾರುವ ದಾರಿಯಲ್ಲಿ ಒಬ್ಬಳೇ ನಡೆಯಬೇಡ. ಉಮೇಶನನ್ನು ಕೇಳಿದೆ ಎಂದು ಹೇಳು. ಹೆತ್ತೆಯಮ್ಮ ನಿಮ್ಮಿಬ್ಬರನ್ನೂ, ಬರುವ ಕೂಸನ್ನೂ ಕಾಯಲಿ.

ನಿನ್ನ ಅವ್ವೆ,
ಕೆಂಪಿ

ವಿ.ಸೂ. ಬಸುರಿಯಾದ ಸುದ್ದಿ ಹೇಳಿದ ದಿನ ನೀನು ಮುಖ ಕಾಣುವ ಫೋನಿನ ಮುಂದೆ ತಲೆ ಬಾಗಿಸಿ "ಹರಸು ಅವ್ವೆ" ಎಂದೆ. ನಾನು ಕೈ ಎತ್ತಿ "ಬದುಕಿ ಬಾ" ಎಂದೆ. ಮುಂದಿನ ಮಾತು ಹೊರಡಲಿಲ್ಲ. "ಸಿಗ್ನಲ್ ಹೋಯ್ತಾ?" ಎಂದೆ ನೀನು. ಸಿಗ್ನಲ್ ಇತ್ತು. "ಒಂದು ಸಾವಿರ ಆಗಲಿ" ಎಂದು, ಒಂದಿದ್ದದ್ದು ಸಾವಿರವಾಗಿ ಬೆಳೆಯಲೆಂದು, ಹರಸುವುದನ್ನು ನಮ್ಮಲ್ಲಿ ಯಾವ ಹಿರಿಯರೂ ಬಿಡುವುದಿಲ್ಲ. ಹರೀಶನಿಗೆ ಪ್ರತಿ ಹಬ್ಬಕ್ಕೂ ಹೇಳಿದ್ದೆ. ಅವನಿಗೆ ಈ ಕಾಯಿಲೆ ನನ್ನಿಂದಲೇ ಹೋದದ್ದು ಎಂದು ಡಾಕ್ಟರು ಹೇಳಿದ ಮೇಲೆ, ಸಾವಿರ ಆಗುವುದು ಯಾವುದು ಎಂದು ನಾಲಗೆ ತಡೆಯುತ್ತದೆ. ನಿನಗೂ ಇರಬಹುದು, ಇಲ್ಲದೆಯೂ ಇರಬಹುದು. ಬಂದು ರಕ್ತ ಕೊಡು ಮಗಳೇ. ಇದ್ದರೆ ನಾನೇ ಕಲಿಸುತ್ತೇನೆ, ಗೆಡ್ಡೆ ತೆಗೆದಿಟ್ಟಿದ್ದೇನೆ. ಇರಲಿ, ಇಲ್ಲದಿರಲಿ, ಆಮೇಲೆ ನನ್ನ ಮುಂದೆ ತಲೆ ಬಾಗಿಸು. ಆ ಮಾತು ಬಾಯಿಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನ ತಲೆಯ ಮೇಲಿಂದ ಕೈಯನ್ನಂತೂ ತೆಗೆಯುವುದಿಲ್ಲ.