ಬೆಳಗಿನ ಓಟಕ್ಕೆ ಎಳೆದ ಗೆರೆ

ವಾಣಿ,

ನೀನು ಓಡಿ ಬಂದು ಮಲಗಿದ್ದೀಯ. ಎಬ್ಬಿಸಿ ವಿಷಯ ಹೇಳಿದರೆ ನೋಡಲು ಹೊರಟುಬಿಡುತ್ತೀಯ. ಅದಕ್ಕೇ ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಅರಣ್ಯ ಇಲಾಖೆಯವರನ್ನು ಕರೆತರಲು ಕಾಂತರಾಜಣ್ಣನ ಬೈಕಿನಲ್ಲಿ ಹುಣಸೂರಿಗೆ ಹೋಗುತ್ತಿದ್ದೇನೆ.

ಹಸುವನ್ನು ನಡುಮನೆಯಲ್ಲೇ ಕಟ್ಟಿದ್ದೇನೆ. ಬೈಯಬೇಡ, ನೀರು ಕುಡಿಸು.

ನಿನ್ನ ಟೈಂಟೇಬಲ್‌ನಲ್ಲಿ ಬೆಳಗಿನ ಓಟಕ್ಕೆ ಗೆರೆ ಎಳೆದು ಹೊಡೆದುಹಾಕಿದವಳು ನಾನೇ. ಪೊಲೀಸ್ ಆಗುತ್ತೇನೆಂಬ ಗುರಿಯ ಕೆಳಗೆ "ಹೆದರಿ ಬದುಕಲ್ಲ" ಎಂದು ನೀನು ಬರೆದಾಗ ಹೆಮ್ಮೆಪಟ್ಟವಳೂ ನಾನೇ. ಗುರಿ ಹಾಗೇ ಇರಲಿ, ಹೊತ್ತು ಬದಲಾಗಲಿ.

ಬೆಳಿಗ್ಗೆ ಹುಲ್ಲಿಗೆಂದು ಕೆರೆ ಏರಿಗೆ ಹೋದಾಗ, ಒದ್ದೆ ಮಣ್ಣಿನಲ್ಲಿ ನಿನ್ನ ಶೂ ಗುರುತಿನ ಮೇಲೆಯೇ ಹುಲಿಯ ಹೆಜ್ಜೆ ಮೂಡಿತ್ತು. ಜೊತೆಗೆ ಹುಲ್ಲಿಗೆ ಬಂದಿದ್ದ ಕಾಂತರಾಜಣ್ಣ ಬಗ್ಗಿ ನೋಡಿ, "ವಾಣಿ ಹಿಂದೇನೇ ಬಂದದೆ ಕಣಕ್ಕ. ದಿನಾ ಅದೇ ಟೇಮು, ಅದೇ ದಾರಿ. ಅದ್ಕೂ ಗೊತ್ತಾಗ್ಬುಟ್ಟದೆ" ಎಂದ.

ಗುರುತು ಹಿಡಿದು ನಡೆದೆವು. ಅದು ನಮ್ಮ ಹಿತ್ತಿಲ ಬೇಲಿಯ ತನಕ ಬಂದು ಪಕ್ಕದ ಕಬ್ಬಿನೊಳಗೆ ಹೊಕ್ಕಿದೆ. ದೂರದಿಂದಲೇ ಗದ್ದೆಯ ಸುತ್ತ ನೋಡಿದೆವು. ಆಚೆ ಹೋದ ಗುರುತು ಎಲ್ಲೂ ಇಲ್ಲ.

ನಾಯಿ ಬೊಗಳಿದರೂ, ಬೊಗಳಿ ಸುಮ್ಮನಾದರೂ, ಹಿತ್ತಿಲ ಬಾಗಿಲು ತೆಗೆಯಬೇಡ.

ಅಮ್ಮ