ಕಂಪ್ಯೂಟರಿಗೆ ಹುಳದ ಮನೆಯ ಪರದೆ

ಸಂಘಮಿತ್ರಮ್ಮ,

ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟೆ. ನಿನ್ನ ಕಂಪ್ಯೂಟರಿನ ಪೆಟ್ಟಿಗೆಯ ಅಕ್ರಿಲಿಕ್ ಹಲಗೆಗೆ ಫ್ಯಾನಿನ ತೂತು ಕೊರೆದಿದ್ದೇನೆ. ನಿಧಾನವಾಗಿಯೇ ಕೊರೆದೆ, ಆದರೂ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಕ್ಷಮಿಸು. ಒಳಗೆ ಧೂಳು ಹೋಗದಿರಲೆಂದು, ರೇಷ್ಮೆಹುಳಕ್ಕೆ ಊಜಿ ನೊಣ ಮುತ್ತದಂತೆ ಹುಳದ ಮನೆಗೆ ಕಟ್ಟುವ ಪರದೆಯನ್ನೇ ಕತ್ತರಿಸಿ ಅಂಟಿಸಿದೆ. “ಕಂಪ್ಯೂಟರಿಗೂ ಊಜಿ ನೊಣ ಬರ್ತದೇನ್ರೀ?” ಅಂತ ನಿಮ್ಮಮ್ಮ ನಕ್ಕಳು. ಗಾಳಿ ತಡೆಯುತ್ತದೋ ಏನೋ, ಕೈಯೊಡ್ಡಿ ನೋಡು. ತಡೆದರೆ ಕಿತ್ತುಹಾಕು, ಬೇಜಾರು ಮಾಡಿಕೊಳ್ಳುವುದಿಲ್ಲ.

ಉಪ್ಪಿಟ್ಟು ಮುಚ್ಚಿಟ್ಟಿದೆ. ತಿಂದು ಆನ್‌ಲೈನ್ ಪರೀಕ್ಷೆಗೆ ಕೂರು.

ಹೋದ ಸಲ ಕಂಪ್ಯೂಟರ್ ಬಿಸಿಯಾಗಿ ಅರ್ಧಕ್ಕೇ ನಿಂತಿತು, ನೀನು ಪರೀಕ್ಷೆ ಬಿಟ್ಟು ಎದ್ದುಬಿಟ್ಟೆ. ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಲೆಕ್ಕದ ಪರೀಕ್ಷೆಯಿಂದ ನಾನೂ ಹಾಗೇ ಎದ್ದು ಬಂದವನು, ಆಮೇಲೆ ಮತ್ತೆ ಪರೀಕ್ಷೆಗೆ ಕೂರಲು ಎರಡು ವರ್ಷ ಹಿಡಿಯಿತು. ಇವತ್ತು ಅದು ನಿಂತರೂ ನೀನು ಏಳಬೇಡಮ್ಮ, ಮತ್ತೆ ಆನ್ ಮಾಡು.

ಅಪ್ಪ