ಬರ್ಮಕಿ ಮನೆಯ ಹಾಲು

ಮೆಟ್ರಿ
9-2-2025

ಪ್ರೀತಿಯ ಗಂಗಾಂಬಿಕಾಗೆ,

ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಟಿ.ಬಿ. ಡ್ಯಾಂನ ಬಾಡಿಗೆ ಮನೆ ಒಗ್ಗಿತೇ? ನಿನ್ನ ಅವ್ವ ಎರ್ರಮ್ಮನವರ ಮೊಣಕಾಲು ನೋವು ಹೇಗಿದೆ? ಮಿಲ್ಲು ನಿಮ್ಮ ಕೈತಪ್ಪಿದ ಮೇಲೂ ನಾನು ಅಲ್ಲೇ ಭತ್ತ ಒಣಗಿಸುತ್ತಿದ್ದೇನೆ. ಹೊಸ ಯಜಮಾನರ ಮುಂದೆ ನಿಮ್ಮ ಹೆಸರು ಎತ್ತುವಂತಿಲ್ಲ.

ಒಂದು ಸುದ್ದಿ. ನಮ್ಮ ಹೆಂಗಸರ ಬಯಲಾಟಕ್ಕೆ ನಾನೇ ಆಟ ಬರೆದಿದ್ದೇನೆ. ನಾಲ್ಕನೇ ಇಯತ್ತೆಗೆ ನಾನು ಶಾಲೆ ಬಿಟ್ಟಾಗ ನೀನು ಕೊಟ್ಟ ಪುಸ್ತಕದಲ್ಲಿದ್ದ ಬರ್ಮಕಿ ಮನೆತನದ ಕಥೆ. ಪರ್ಷಿಯಾ ಕಡೆಯವರು, ಬಾಗ್ದಾದಿನಲ್ಲಿ ಮಂತ್ರಿಗಳಾದರು. ತಂದೆ ಯಾಹ್ಯಾ, ಮಕ್ಕಳು ಫಜಲ್, ಜಾಫರ್. ಎಂಥ ಕೈ ಅವರದು! ಬೇಡಿ ಬಂದವರು ಬರಿಗೈಲಿ ಹೋದದ್ದಿಲ್ಲ. ಖಲೀಫ ಹಾರೂನನೂ ಫಜಲನ ತಾಯಿಯ ಹಾಲು ಕುಡಿದವನೇ. ಆದರೂ ಒಂದು ದಿನ ಜಾಫರನನ್ನು ಕೊಲ್ಲಿಸಿದ, ತಂದೆ-ಮಗನನ್ನು ಸೆರೆಗೆ ತಳ್ಳಿದ. ಅವರನ್ನು ಹೊಗಳಿದವರಿಗೂ ಶಿಕ್ಷೆಯಂತೆ. ಸೆರೆಯಲ್ಲಿ ಸೌದೆ ಕೊಡದಿದ್ದಾಗ ಫಜಲ್ ಮುದಿ ತಂದೆಗೆ ನೀರು ಬೆಚ್ಚಗಾಗಲೆಂದು ತಂಬಿಗೆಯನ್ನು ದೀಪದ ಕುಡಿಗೆ ಹಿಡಿದು ಬೆಳಗಿನವರೆಗೂ ನಿಂತನಂತೆ.

ಅದನ್ನು ಬರೆಯುವಾಗ ನಿನ್ನ ಅವ್ವನೇ ಕಣ್ಣೆದುರಿಗೆ ಬಂದರು. ನನ್ನ ತಾಯಿ ಕಾಮಾಲೆಯಿಂದ ಮಲಗಿದ್ದಾಗ, ಮಿಲ್ಲಿನ ಯಜಮಾನತಿಯಾಗಿದ್ದೂ ನಮ್ಮ ಕೇರಿಯ ಕೂಸಾದ ನನ್ನನ್ನು ಎತ್ತಿ, ನಿನ್ನ ಜೊತೆಗೇ ಎದೆಗೆ ಹಾಕಿಕೊಂಡರಲ್ಲ. ನಿಮ್ಮವರು ಎಷ್ಟು ಆಡಿಕೊಂಡರೋ, ಒಂದು ದಿನವೂ ನಮಗೆ ಹೇಳಲಿಲ್ಲ.

ತಾಲೀಮಿನಲ್ಲಿ ಎಲ್ಲರಿಗೂ ಫಜಲನ ಪಾತ್ರವೇ ಬೇಕು. ಹಾರೂನನ ಮೀಸೆ ಕೊಟ್ಟರೆ ಚೆನ್ನಬಸಮ್ಮ ಎಸೆದೇಬಿಟ್ಟಳು. "ಹಾಲು ಕುಡಿದ ಮನಿಗೆ ಬೆಂಕಿ ಇಟ್ಟಾವನ ಪಾರ್ಟು ನನಗ ಬ್ಯಾಡಬೇ! ನಾಳಿ ಮಂದಿ ನನ್ ಕೈಲೆ ನೀರೂ ಕುಡಿಯಂಗಿಲ್ಲ."

"ಬರದಾಕೀನ ಕಟ್ಲಿ ಬಿಡ್ರಿ," ಎಂದು ಕೊಟ್ರಬಸಮ್ಮ ನನ್ನ ಕಡೆ ಕೈ ತೋರಿಸಿ ನಕ್ಕಳು. "ಬಾಯೇ ಇಲ್ಲದ ರಾಜ! ಭಾಳ ಮಸ್ತ್ ಆಕ್ಕಾನ."

ಮೀಸೆ ಈಗ ನನ್ನ ಬಳಿಯೇ ಇದೆ.

ನಿನ್ನ ಮಗಳು ಅಂಜಲಿಗೆ ಒಳ್ಳೆಯದಾಗಲಿ. ಅವ್ವನ ಪಾದಕ್ಕೆ ನನ್ನ ಹಣೆ.

ನಿನ್ನ
ಹುಲುಗಮ್ಮ

ತಾ.ಕ.: ದೀಪಾವಳಿಯ ಹಿಂದಿನ ವಾರ ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ನೀನು "ಹುಲುಗೀ" ಎಂದು ಕೂಗಿದೆ. ನನ್ನ ಪಕ್ಕದಲ್ಲಿ ಹೊಸ ಯಜಮಾನತಿ ಇದ್ದಳು. "ಯಾರಾಕಿ?" ಎಂದಳು. "ಗೊತ್ತಿಲ್ರಿ" ಎಂದೆ. ನಿನಗೆ ಕೇಳಿಸಿತ್ತು. ಆದರೂ ನೀನು ಕಾಗದದಲ್ಲಿ ಆ ಮಾತೇ ತೆಗೆಯದೆ, ನನ್ನ ಕೆಮ್ಮು ವಾಸಿಯಾಯಿತೇ ಎಂದು ಕೇಳಿದೆ. ಆಟ ಇದೇ ಇಪ್ಪತ್ತೆರಡಕ್ಕೆ, ಶನಿವಾರ. ಹೊಸ ಯಜಮಾನರು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಮೀಸೆ ಕಟ್ಟುವ ಮೊದಲು, ನಾನು ಯಾರ ಹಾಲು ಕುಡಿದವಳೆಂದು ಹೆಸರು ಹಿಡಿದು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಅವ್ವನನ್ನು ಕರೆದುಕೊಂಡು ಬಾ. ನೀವು ಬರದಿದ್ದರೂ ಹೇಳುತ್ತೇನೆ.